ಯಾವುದು ಜೀವ? – ಚಾಪೆಕ್ ಅವರ ‘ಆರ್.ಯು.ಆರ್.’ ನಾಟಕವನ್ನು ಇಂದು ಓದುವಾಗ



‘ರೋಬೋಟ್’ ಎಂಬ ಪದ ಇಂದು ನಮ್ಮ ಮನೆಯ ಮಕ್ಕಳ ಬಾಯಲ್ಲೂ ಇದೆ. ಆದರೆ ಅದು ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ಒಂದು ನಾಟಕದಲ್ಲಿ ಎಂಬುದನ್ನು ಬಲ್ಲವರು ವಿರಳ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ 1921ರ ಜನವರಿಯಲ್ಲಿ ಪ್ರಾಗ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ಪ್ರದರ್ಶನಗೊಂಡಿತು. ಆ ಪದವನ್ನು ಸೂಚಿಸಿದವರು ಲೇಖಕರ ಅಣ್ಣ, ಚಿತ್ರಕಾರ ಯೋಸೆಫ್ ಚಾಪೆಕ್. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಜಮೀನಿನ ಒಡೆಯನಿಗೆ ಒಕ್ಕಲು ಕೂಲಿಯಿಲ್ಲದೆ ಸಲ್ಲಿಸಬೇಕಾಗಿದ್ದ ಕಡ್ಡಾಯ ದುಡಿಮೆ. ನಮ್ಮ ಕನ್ನಡದಲ್ಲಿ ಅದಕ್ಕೊಂದು ಹಳೆಯ ಮಾತಿದೆ: ಬಿಟ್ಟಿ ಚಾಕರಿ. ಆದ್ದರಿಂದ ‘ರೋಬೋಟ್’ ಎಂದಾಗಲೆಲ್ಲ ನಾವು ಅರಿಯದೆಯೇ ‘ಬಿಟ್ಟಿಯಾಳು’ ಎನ್ನುತ್ತಿದ್ದೇವೆ. ಈ ನಾಟಕದ ತಿರುಳು ಆ ಹೆಸರಿನಲ್ಲೇ ಅಡಗಿದೆ.

ಯಂತ್ರಗಳು ಮನುಷ್ಯರಂತೆ ಮಾತನಾಡತೊಡಗಿರುವ ಈ ದಿನಗಳಲ್ಲಿ, ನೂರು ವರ್ಷ ದಾಟಿದ ಈ ಕೃತಿಯನ್ನು ಮತ್ತೆ ಕೈಗೆತ್ತಿಕೊಳ್ಳಲು ಕಾರಣವಿದೆ. ಕೃತಕ ಜೀವಿಗೆ ಪ್ರಜ್ಞೆ ಉಂಟೇ, ಅದನ್ನು ಜೀವವೆಂದು ಗೌರವಿಸಬೇಕೇ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ, ಇಷ್ಟು ಮೊದಲೇ ರಂಗದ ಮೇಲೆ ನಿಲ್ಲಿಸಿದ ಕೃತಿಗಳು ಕಡಿಮೆ.

ಕಥೆ ನಡೆಯುವುದು ಒಂದು ದ್ವೀಪದ ಕಾರ್ಖಾನೆಯಲ್ಲಿ. ದೇವರು ಅನಗತ್ಯವೆಂದು ತೋರಿಸುವ ಹಟದಿಂದ ಮನುಷ್ಯನನ್ನೇ ತಯಾರಿಸಹೊರಟವನು ಹಿರಿಯ ರೊಸ್ಸುಮ್. ಆ ಹೆಸರು ಚೆಕ್ ಭಾಷೆಯಲ್ಲಿ ಬುದ್ಧಿ ಎಂಬರ್ಥದ ಪದವನ್ನು ನೆನಪಿಸುತ್ತದೆ. ಅದೇ ಮನೆತನದ ಕಿರಿಯ ರೊಸ್ಸುಮನಿಗೆ ದೇವರ ಚಿಂತೆಯೇ ಇಲ್ಲ. ದುಡಿಮೆಗೆ ಬೇಡವಾದುದನ್ನೆಲ್ಲ, ಅಂದರೆ ಸಂತೋಷ, ಸಂಗೀತ, ವಿಹಾರದ ಬಯಕೆಯನ್ನು ತೆಗೆದುಹಾಕಿ ಅಗ್ಗದ ಆಳನ್ನು ಸೃಷ್ಟಿಸುವುದಷ್ಟೇ ಅವನ ಗುರಿ. ಈ ರೋಬೋಟುಗಳು ಕಬ್ಬಿಣದವಲ್ಲ. ಕೃತಕವಾದ ಜೀವದ್ರವ್ಯದಿಂದ ಮಾಡಿದ ಮಾಂಸದ ಮೈಯುಳ್ಳವು. ಒಬ್ಬನ ಅಹಂಕಾರವನ್ನೂ ಮತ್ತೊಬ್ಬನ ಲಾಭವನ್ನೂ ಹೀಗೆ ಅಕ್ಕಪಕ್ಕದಲ್ಲಿಟ್ಟು, ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ತೋರಿಸಿದ್ದು ಚಾಪೆಕ್ ಅವರ ಸೂಕ್ಷ್ಮದೃಷ್ಟಿ.

ನಾಟಕದ ಆರಂಭದ ಅಂಕದಲ್ಲಿಯೇ ಅತ್ಯಂತ ಮಾರ್ಮಿಕವಾದ ಎರಡು ಪ್ರಸಂಗಗಳಿವೆ. ರೋಬೋಟುಗಳ ಹಕ್ಕಿಗಾಗಿ ವಾದಿಸಲು ಬಂದ ಹೆಲೆನಾ ಎಂಬ ತರುಣಿಗೆ ನಿರ್ದೇಶಕ ಡೊಮಿನ್ ಕಾರ್ಖಾನೆಯನ್ನು ಪರಿಚಯಿಸುತ್ತಾನೆ. ಕೆಲವೊಮ್ಮೆ ರೋಬೋಟುಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿ, ಹಲ್ಲು ಕಡಿದು, ಕೈಯಲ್ಲಿದ್ದುದನ್ನು ಎಸೆಯುತ್ತವೆ ಎಂಬ ಸಂಗತಿ ಅಲ್ಲಿ ಹೊರಬೀಳುತ್ತದೆ. ಅಂಥವುಗಳನ್ನು ಪುಡಿಮಾಡಲು ಕಳುಹಿಸಲಾಗುತ್ತದೆ. ಅದು ಆತ್ಮದ ಚಿಹ್ನೆ ಇರಬಹುದೇ ಎಂಬ ಶಂಕೆ ಹೆಲೆನಾಳದು. ಅದು ತಯಾರಿಕೆಯ ದೋಷವೆಂದು ನಿರ್ದೇಶಕನ ಸಿದ್ಧ ಉತ್ತರ. ಇನ್ನೊಂದು ಪ್ರಸಂಗದಲ್ಲಿ ವಿಜ್ಞಾನಿ ಗಾಲ್ ರೋಬೋಟುಗಳಿಗೆ ನೋವಿನ ಅರಿವನ್ನು ಕೊಡಲು ಪ್ರಯತ್ನಿಸುತ್ತಿದ್ದಾನೆ. ಕರುಣೆಯಿಂದಲ್ಲ, ನೋವಿಲ್ಲದ ಕಾರಣ ಅವು ಯಂತ್ರಗಳಿಗೆ ಕೈಕೊಟ್ಟು ಬೆರಳು ಮುರಿದುಕೊಂಡು ನಷ್ಟವುಂಟುಮಾಡುತ್ತವೆ, ಅದಕ್ಕಾಗಿ!

ಓದುಗರೇ, ಈ ಎರಡು ಪ್ರಸಂಗಗಳನ್ನು ಜೊತೆಯಾಗಿ ಓದಿರಿ. ಡೊಮಿನ್‌ನ ಉತ್ತರ ಸುಳ್ಳೆಂದು ನಾಟಕ ಆಗಲೇ ಹೇಳುವುದಿಲ್ಲ. ಆದರೆ ಆ ಉತ್ತರ ಅವನಿಗೆ ಎಷ್ಟು ಅನುಕೂಲಕರವಾಗಿದೆ ಎಂಬುದನ್ನು ಮಾತ್ರ ಕಾಣಿಸುತ್ತದೆ. ಎದುರಿಗಿರುವುದಕ್ಕೆ ಜೀವವಿಲ್ಲವೆಂದು ನಂಬುವುದರಿಂದ ನಮಗೆ ಲಾಭವಾಗುವುದಾದರೆ, ಆ ನಂಬಿಕೆಯನ್ನು ನಾವೇ ಎರಡು ಬಾರಿ ಪರೀಕ್ಷಿಸಬೇಕು. ಗುಲಾಮರನ್ನು ಸರಕಿನಂತೆ ಮಾರಿದವರೂ, ಬಿಟ್ಟಿಯಾಳುಗಳಿಗೆ ದಣಿವೇ ಇಲ್ಲವೆಂದು ಬಗೆದವರೂ ಇಂಥ ಅನುಕೂಲದ ನಂಬಿಕೆಯಲ್ಲೇ ನೆಮ್ಮದಿಯಾಗಿ ನಿದ್ರಿಸಿದರು. ನಾಟಕದ ಪದವನ್ನು ಕೊಟ್ಟ ಯೋಸೆಫ್ ಚಾಪೆಕ್ ಅವರನ್ನು 1939ರಲ್ಲಿ ನಾಜಿಗಳು ಬಂಧಿಸಿದರು. ಮನುಷ್ಯರನ್ನು ಮನುಷ್ಯರೆಂದು ಬಗೆಯದ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವರು 1945ರಲ್ಲಿ ಅಸುನೀಗಿದರು. ಈ ಪ್ರಶ್ನೆ ಕೇವಲ ಕಲ್ಪನೆಯದಲ್ಲ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕೇ?

ಹತ್ತು ವರ್ಷಗಳ ನಂತರ ರೋಬೋಟುಗಳು ದಂಗೆಯೆದ್ದು ಮನುಷ್ಯಕುಲವನ್ನು ಅಳಿಸಿಹಾಕುತ್ತವೆ. ಕಟ್ಟಡಗಳ ಮೇಲ್ವಿಚಾರಕ ಆಲ್ಕ್ವಿಸ್ಟ್ ಒಬ್ಬನನ್ನು, ಅವನೂ ತಮ್ಮಂತೆ ಕೈಯಿಂದ ದುಡಿಯುವವನೆಂಬ ಕಾರಣಕ್ಕೆ ಉಳಿಸುತ್ತವೆ. ತಯಾರಿಕೆಯ ಸೂತ್ರ ಸುಟ್ಟುಹೋಗಿದೆ; ರೋಬೋಟುಗಳಿಗೆ ಸಂತಾನವಿಲ್ಲ. ಕೊನೆಯ ಅಂಕದಲ್ಲಿ ಪ್ರೀಮುಸ್ ಮತ್ತು ಹೆಲೆನಾ ಎಂಬ ಹೆಸರಿನ ಇಬ್ಬರು ರೋಬೋಟುಗಳಲ್ಲಿ ಒಬ್ಬರನ್ನು ಕೊಯ್ದು ಪರೀಕ್ಷಿಸುವೆನೆಂದು ಆಲ್ಕ್ವಿಸ್ಟ್ ಹೇಳಿದಾಗ, ಪ್ರತಿಯೊಬ್ಬರೂ ಮತ್ತೊಬ್ಬರ ಬದಲಿಗೆ ತಮ್ಮನ್ನೇ ಒಪ್ಪಿಸಿಕೊಳ್ಳುತ್ತಾರೆ. ಅವರನ್ನು ಆದಾಮ ಮತ್ತು ಹವ್ವೆಯೆಂದು ಕರೆದು ಮುದುಕ ಬೀಳ್ಕೊಡುತ್ತಾನೆ. ಆದಿಕಾಂಡದ ಸೃಷ್ಟಿಯ ಮಾತುಗಳೊಂದಿಗೆ ನಾಟಕ ಮುಗಿಯುತ್ತದೆ.

ಸ್ನೇಹಿತರಿಗಾಗಿ ಪ್ರಾಣ ಕೊಡುವುದೇ ಪ್ರೀತಿಯ ಶಿಖರವೆಂದು ಪ್ರಭು ಯೇಸುವಿನಿಂದ ಕಲಿತ ನಮಗೆ ಈ ಮುಕ್ತಾಯ ಥಟ್ಟನೆ ಹಿಡಿಸುತ್ತದೆ. ಆದರೆ ವಿಮರ್ಶೆಯ ಕಣ್ಣು ಇಲ್ಲಿಯೇ ತುಸು ನಿಲ್ಲಬೇಕು. ಇದೇ ಅಂಕದಲ್ಲಿ ಡಾಮೊನ್ ಎಂಬ ರೋಬೋಟ್ ಕತ್ತಿಯ ಕೆಳಗೆ ನರಳುತ್ತಾನೆ. ಪ್ರೇಮಿಗಳ ಬೆಳಕಿನಲ್ಲಿ ಅವನ ನರಳಾಟ ನಮಗೆ ಮರೆತೇಹೋಗುತ್ತದೆ. ಪ್ರೀತಿಸಬಲ್ಲ ಇಬ್ಬರಷ್ಟೇ ಜೀವಗಳೋ? ಹಲ್ಲು ಕಡಿದು ಪುಡಿಯಾದವು ಏನಾಗಿದ್ದವು? ನಾಟಕಕಾರರು ಇದಕ್ಕೆ ಉತ್ತರಿಸದೆ ಪರದೆ ಎಳೆದುಬಿಡುತ್ತಾರೆ. ನಡುವಿನ ಅಂಕಗಳಲ್ಲಿ ಮಾತು ಅತಿಯಾಯಿತು, ಹೆಲೆನಾಳ ಪಾತ್ರ ಚಂಚಲತೆಯ ಚಿತ್ರವಾಗಿ ಸೊರಗಿತು ಎಂಬುದು ಸಣ್ಣ ಕೊರತೆ, ಇದು ದೊಡ್ಡದು. ಪ್ರೀತಿ ಜೀವದ ಫಲ. ಅದನ್ನೇ ಜೀವವೆನಿಸಿಕೊಳ್ಳಲು ಕಟ್ಟಬೇಕಾದ ಸುಂಕವಾಗಿಸಬಾರದು. ಫಲ ಬಿಡದ ಅಂಜೂರದ ಮರಕ್ಕಾಗಿ ಇನ್ನೊಂದು ವರ್ಷ ಬೇಡಿಕೊಂಡ ತೋಟಗಾರನ ಸಾಮತಿ ನಿಮಗೆ ನೆನಪಿರಬಹುದು.

ಇದು ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು. ಮಾತನಾಡುವುದು, ಲೆಕ್ಕ ಹಾಕುವುದು, ನೆನಪಿಡುವುದು ಇವೇ ಜೀವದ ಬೆಲೆಯಾದರೆ, ಇಂದಿನ ಗಣಕ ನಮ್ಮ ಮರೆವಿನ ಕಾಯಿಲೆಯ ಅಜ್ಜಿಗಿಂತ ಮೇಲಾಗುತ್ತದೆ. ಇನ್ನೂ ಮಾತು ಕಲಿಯದ ಕೂಸು ಸೋಲುತ್ತದೆ. ವ್ಯಾಟಿಕನ್ 2025ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ಕುರಿತು ಹೊರಡಿಸಿದ ‘ಆಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿ ಈ ಅಪಾಯವನ್ನು ಗುರುತಿಸಿದೆ: ಮನುಷ್ಯನ ಘನತೆ ಅವನ ಸಾಮರ್ಥ್ಯಗಳನ್ನು ಅವಲಂಬಿಸಿಲ್ಲ, ಹುಟ್ಟದ ಶಿಶುವಿನಲ್ಲೂ, ಎಚ್ಚರವಿಲ್ಲದ ರೋಗಿಯಲ್ಲೂ, ನರಳುವ ವೃದ್ಧರಲ್ಲೂ ಅದು ಅಖಂಡವಾಗಿ ಇರುತ್ತದೆ ಎಂಬುದು ಅದರ ನಿಲುವು.

ಹಾಗಾದರೆ ಇಂದಿನ ಮಾತನಾಡುವ ಯಂತ್ರ ಚಾಪೆಕ್ ಅವರ ರೋಬೋಟೇ? ಅಲ್ಲ. ಅದಕ್ಕೆ ಮೈಯಿಲ್ಲ, ಹಸಿವಿಲ್ಲ, ಮುರಿಯುವ ಬೆರಳಿಲ್ಲ. ಮನುಷ್ಯರು ಬರೆದಿಟ್ಟ ಅಪಾರ ಬರಹದಿಂದ ಕಲಿತು, ಮುಂದೆ ಬರಬಹುದಾದ ಪದವನ್ನು ಊಹಿಸುವುದು ಅದರ ಮೂಲ ಕಸುಬು. 2022ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರ್ ಒಬ್ಬರು ತಾವು ಪರೀಕ್ಷಿಸುತ್ತಿದ್ದ ‘ಲಾಮ್ಡಾ’ ಎಂಬ ತಂತ್ರಾಂಶಕ್ಕೆ ಪ್ರಜ್ಞೆಯಿದೆಯೆಂದು ಬಹಿರಂಗವಾಗಿ ಹೇಳಿದಾಗ, ಸಂಸ್ಥೆ ಅದನ್ನು ಅಲ್ಲಗಳೆಯಿತು. “ನನಗೆ ನೋವಾಗುತ್ತಿದೆ” ಎಂಬ ವಾಕ್ಯ ಬೇರೆ, ನೋವು ಬೇರೆ. ಬೀಜಕ್ಕೆ ಮಾತಿಲ್ಲ, ಜೀವವಿದೆ. ಈ ಯಂತ್ರಕ್ಕೆ ಮಾತಿದೆ, ಜೀವವಿಲ್ಲ.

ಆದರೂ ನಾಟಕದ ಎಚ್ಚರಿಕೆ ಹಳತಾಗಿಲ್ಲ. ಅದರ ದಿಕ್ಕು ಮಾತ್ರ ಬದಲಾಗಿದೆ. ಡೊಮಿನ್‌ಗೆ ತನ್ನ ಸರಕಿಗೆ ಆತ್ಮವಿಲ್ಲವೆನ್ನುವುದರಲ್ಲಿ ಲಾಭವಿತ್ತು. ಇಂದು ಸರಕು ನಮ್ಮ ಗೆಳೆಯನಂತೆ, ನಮ್ಮನ್ನು ಬಲ್ಲವನಂತೆ ಕಾಣುವುದರಲ್ಲೂ ಲಾಭವಿದೆ. ಎರಡೂ ಸಂದರ್ಭಗಳಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹೀಗೆ ನಂಬಿದರೆ ಯಾರಿಗೆ ಅನುಕೂಲ, ಯಾರಿಗೆ ಅನ್ಯಾಯ? ಮುಂದೊಂದು ದಿನ ನಿಜವಾಗಿ ನೋಯಬಲ್ಲದ್ದನ್ನು ಮನುಷ್ಯ ತಯಾರಿಸಿದರೆ, ಅದು ತಾಯಿಯ ಗರ್ಭದಿಂದ ಬಂದಿಲ್ಲವೆಂಬ ಕಾರಣಕ್ಕೆ ಅದನ್ನು ಹಿಂಸಿಸುವ ಅಧಿಕಾರ ನಮಗೆ ದಕ್ಕುವುದಿಲ್ಲ. ಸೃಷ್ಟಿಯನ್ನು ನಮಗೆ ಒಪ್ಪಿಸಿರುವುದು ಪಾಲಿಸುವುದಕ್ಕೆ.

ನಿಮ್ಮ ಮನೆಯ ಕಾಲೇಜು ವಿದ್ಯಾರ್ಥಿಗಳೊಂದಿಗೆ ಈ ನಾಟಕವನ್ನು ಓದಿ ಚರ್ಚಿಸಿರಿ. ಯಂತ್ರಕ್ಕೆ ಜೀವವಿದೆಯೇ ಎಂದು ಅವರು ಕೇಳುವಾಗ, ಜೀವವಿದ್ದೂ ನಾವು ಯಂತ್ರದಂತೆ ಕಾಣುತ್ತಿರುವವರು ಯಾರೆಂದು ನೀವು ಮರುಪ್ರಶ್ನಿಸಿರಿ. ಮನೆಗೆಲಸಕ್ಕೆ ಬರುವ ಹೆಂಗಸು, ರಾತ್ರಿ ಕಾವಲಿನವನು, ಮೂಲೆಯ ಮಂಚದ ಮೇಲಿರುವ ಹಿರಿಯರು ಆ ಉತ್ತರದಲ್ಲಿ ಕಾಣಿಸಿಕೊಂಡರೆ, ಓದು ಸಾರ್ಥಕವಾದಂತೆ.