ಎಚ್‌ಪಿ ಕೇಳಿ ಕೊಟ್ಟ ಕೇಬಲ್

ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಪಂಪ್‌ಸೆಟ್‌ಗೆ ಕೇಬಲ್ ಆರಿಸುವಾಗ ಅಂಗಡಿಯವನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಮೋಟಾರು ಎಷ್ಟು ಎಚ್‌ಪಿ? ಹತ್ತು ಎಂದರೆ, “ನಾಕ್ ಸ್ಕ್ವೇರ್ ತಾಮ್ರದ್ದ ಒಯ್ರಿ ಸಾವ್ಕಾರ್ರ, ಎಲ್ಲಾರೂ ಅದನ್ನ ಒಯ್ತಾರ” ಎಂಬ ಉತ್ತರ ಸಿದ್ಧ. ಮಾತು ಅರ್ಧ ಸರಿ. 10 ಎಚ್‌ಪಿ ತ್ರೀ ಫೇಸ್ ಮೋಟಾರು ಎಳೆಯುವುದು ಸುಮಾರು 15 ಆಂಪಿಯರ್. 4 ಸ್ಕ್ವೇರ್ ಎಂಎಂ ತಾಮ್ರ ಅದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಈ ಲೆಕ್ಕ ನಡೆದೀತು, ಅಲ್ಲಿ ಬೋರ್ಡಿನಿಂದ ಮಗ್ಗಕ್ಕೆ ನಾಲ್ಕು ಹೆಜ್ಜೆ. ಹೊಳೆದಂಡೆಯಲ್ಲಿ ದೂರ ಕೇಳದೆ ವಾಯರ್ ಕೊಡುವುದು ತಪ್ಪು.

ಸ್ಟಾರ್ಟರ್‌ನಿಂದ ಮೋಟಾರಿಗೆ 100 ಮೀಟರ್ ಇದ್ದರೆ ಈ ಕೇಬಲ್ ನುಂಗುವುದು ಹತ್ತು ವೋಲ್ಟ್ ಆಸುಪಾಸು. 300 ಮೀಟರ್ ಆದರೆ ಸುಮಾರು 30. ಜೊತೆಗೆ 800 ವ್ಯಾಟ್‌ಗೂ ಹೆಚ್ಚು ಶಕ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ಟಿ.ಸಿ.ಯಲ್ಲೇ (ಟ್ರಾನ್ಸ್‌ಫಾರ್ಮರಿನಲ್ಲೇ) 415 ವೋಲ್ಟ್ ಬದಲು 370 ಬಂದರೆ, ಮೋಟಾರಿಗೆ ಮುಟ್ಟುವುದು 340. ನೀರೆತ್ತುವ ಹೊರೆ ಇಳಿಯುವುದಿಲ್ಲವಲ್ಲ, ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಸುಟ್ಟಾಗ ಬೈಗುಳ ಕರೆಂಟು ಕೊಡುವ ಹೆಸ್ಕಾಂಗೆ. 10 ಸ್ಕ್ವೇರ್ ಹಾಕಿದ್ದರೆ ಕೇಬಲ್‌ನ ನಷ್ಟ 12 ವೋಲ್ಟ್‌ಗೆ ನಿಲ್ಲುತ್ತಿತ್ತು.

ಹೊಳೆಯೂ ನಿಂತಲ್ಲಿ ನಿಲ್ಲುವುದಿಲ್ಲ. ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಕಬ್ಬಿನ ಅಂಚಿಗೇ ಬರುತ್ತದೆ. ಬೇಸಿಗೆಗೆ ದೂರ ಸರಿಯುತ್ತದೆ. ಪಂಪು ನೀರಿನ ಬೆನ್ನುಹತ್ತಿ ಹೋಗುತ್ತದೆ, ಕೇಬಲ್‌ಗೆ ತುಂಡು ಜೋಡಿಸುತ್ತಾರೆ, ಎಷ್ಟೋ ಸಲ ಮನೆಯಲ್ಲಿ ಬಿದ್ದಿದ್ದ ತೆಳ್ಳನೆಯ ತುಂಡನ್ನು. ವೋಲ್ಟೇಜ್ ತೀರ ಕಡಿಮೆ ಇರುವ ತಿಂಗಳಲ್ಲೇ ಕೇಬಲ್ ತೀರ ಉದ್ದ.

ಜಾಯಿಂಟ್ ವಿಷಯದಲ್ಲಿ ನಮ್ಮ ಮೆಕ್ಯಾನಿಕ್‌ಗಳನ್ನು ಮೆಚ್ಚಬೇಕು, ನೀರೊಳಗಿನದಾದರೆ. ಮೂರು ಎಳೆಗಳನ್ನು ಒಂದೇ ಕಡೆ ಕತ್ತರಿಸದೆ ಹಿಂದೆಮುಂದೆ ಮಾಡಿ ಜೋಡಿಸುತ್ತಾರೆ, ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ ಮೇಲೆ ಪಿವಿಸಿ ಟೇಪ್ ಬಿಗಿಯುತ್ತಾರೆ. ಅದೇ ಕೈ ಸ್ಟಾರ್ಟರ್ ಡಬ್ಬಿಗೆ ಬಂದರೆ ಬರಿಯ ಎಳೆಗಳನ್ನು ತಿರುಚಿ ಸ್ಕ್ರೂ ಅಡಿಗೆ ತುರುಕುತ್ತದೆ. ಲಗ್ ಇಲ್ಲ, ಕ್ರಿಂಪಿಂಗ್ ಇಲ್ಲ. ಕಂಬದಿಂದ ಬಂದ ಅಲ್ಯೂಮಿನಿಯಂಗೆ ತಾಮ್ರವನ್ನು ಹಾಗೇ ಸುತ್ತಿದ ಕಡೆ ಕರಕಲು ಹಿಡಿಯುವುದಕ್ಕೆ ಬಹಳ ದಿನ ಬೇಡ. ಅಲ್ಲಿ ಬೈಮೆಟಲ್ ಲಗ್ ಬೇಕು.

ಹಾಗೆಂದು ಎಲ್ಲೆಡೆ ತಾಮ್ರವೇ ಆಗಬೇಕೆಂಬ ಹಟವೂ ಸಲ್ಲ. ತಾಮ್ರ ತುಟ್ಟಿ, ಕಳ್ಳರಿಗೂ ಪ್ರಿಯ. ಕದಲದ ಭಾಗಕ್ಕೆ 16 ಸ್ಕ್ವೇರ್ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್ 10 ಸ್ಕ್ವೇರ್ ತಾಮ್ರದ ಕೆಲಸ ಮಾಡುತ್ತದೆ. ಮುಕ್ಕಾಲು ಮೀಟರ್ ಆಳದಲ್ಲಿ ಹೂಳಿದರೆ ಕಬ್ಬಿನ ರವದಿಗೆ ಹಚ್ಚಿದ ಬೆಂಕಿಯೂ ತಾಗದು. ಪಂಪಿನ ಜೊತೆ ಓಡಾಡುವ ಭಾಗಕ್ಕಷ್ಟೇ ದಪ್ಪನೆಯ, ಬಳಕುವ ತಾಮ್ರ ಸಾಕು.

ಇಷ್ಟೆಲ್ಲ ಗೊತ್ತಿದ್ದೂ ತೆಳು ಕೇಬಲ್ ಏಕೆ ಉಳಿದಿದೆ? 10 ಎಚ್‌ಪಿವರೆಗೆ ಕರೆಂಟು ಉಚಿತ. ದಾರಿಯಲ್ಲಿ ಸೋರಿದ್ದು ಬಿಲ್ಲಿನಲ್ಲಿ ಕಾಣುವುದಿಲ್ಲ. ರೈತ ಅದರ ಬೆಲೆಯನ್ನು ಸುಟ್ಟ ಮೋಟಾರಿನ ರಿವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಾನೆ. ಮುಂದಿನ ಸಲ ಕೇಬಲ್ ಕೊಳ್ಳುವ ಮುನ್ನ ಬೇಸಿಗೆಯ ನೀರಿನಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ, ಆ ಮೀಟರ್ ಲೆಕ್ಕವನ್ನು ಎಚ್‌ಪಿಗಿಂತ ಮೊದಲು ಅಂಗಡಿಯವನಿಗೆ ಹೇಳಿರಿ.