ಮೋರಾನ್ ಅಳಿಸಿದ ಊರು

ಅಮೆರಿಕದ ವಯೋಮಿಂಗಿನ ಗ್ರೀನ್ ರಿವರ್ ದಂಡೆಯ ಬಂಡೆಗಳನ್ನು ಚಿತ್ರಕಾರ ಥಾಮಸ್ ಮೋರಾನ್ ದಶಕಗಟ್ಟಲೆ ಮತ್ತೆ ಮತ್ತೆ ಬರೆದ. ಇಳಿಬಿಸಿಲಿಗೆ ಕೆಂಡದಂತೆ ಕೆಂಪಾದ ಗೋಪುರಬಂಡೆ, ಬುಡದಲ್ಲಿ ತಿಳಿನೀರು, ದಡದ ಮೇಲೆ ಕುದುರೆಯೇರಿ ಸಾಲಾಗಿ ಸಾಗುವ ಮೂಲನಿವಾಸಿಗಳು. ಹೊರಗಿನವರ ಗಾಳಿಯೂ ಸೋಕದ ನಾಡು ಇದು ಎಂದೇ ನೋಡುಗರಿಗೆ ಅನ್ನಿಸುತ್ತದೆ. ಆದರೆ 1871ರಲ್ಲಿ ಮೋರಾನ್ ಅಲ್ಲಿಗೆ ಬಂದಿಳಿದದ್ದು ರೈಲಿನಲ್ಲಿ. ಆ ಬಂಡೆಗಳ ಕೆಳಗೆ ಆಗಲೇ ಯೂನಿಯನ್ ಪೆಸಿಫಿಕ್ ಕಂಪನಿಯ ಸ್ಟೇಷನ್ನು, ಸೇತುವೆ, ಹೋಟೆಲು, ಚರ್ಚು ಎಲ್ಲ ಇದ್ದ ಊರೊಂದು ಎದ್ದಿತ್ತು. ಚಿತ್ರಗಳಲ್ಲಿ ಅದರ ಸುಳಿವೇ ಇಲ್ಲ. ಕಲಾವಿದನ ಸ್ವಾತಂತ್ರ್ಯ ಎಂದು ಇದನ್ನು ಸುಮ್ಮನೆ ಬಿಟ್ಟುಬಿಡುವುದು ಸರಿಯಲ್ಲ. ಇದ್ದದ್ದನ್ನು ಜೋಡಿಸಿ ತೋರಿಸುವುದು ಬೇರೆ, ಇದ್ದದ್ದನ್ನು ಇಲ್ಲವಾಗಿಸುವುದು ಬೇರೆ. ಮೋರಾನ್ ಎರಡನ್ನೂ ಮಾಡಿದ.

ಜೋಡಿಸುವ ವಿದ್ಯೆಯಲ್ಲಿ ಅವನನ್ನು ಮೀರಿಸಿದವರು ಕಡಿಮೆ. 1837ರಲ್ಲಿ ಇಂಗ್ಲೆಂಡಿನ ಬೋಲ್ಟನ್ನಿನಲ್ಲಿ ಕೈಮಗ್ಗದ ನೇಕಾರನ ಮನೆಯಲ್ಲಿ ಹುಟ್ಟಿದವನು, ಏಳರ ವಯಸ್ಸಿಗೆ ಫಿಲಡೆಲ್ಫಿಯಾ ಸೇರಿ, ಹದಿಹರೆಯದಲ್ಲಿ ಮರದ ಅಚ್ಚು ಕೊರೆಯುವ ಕಂಪನಿಯೊಂದರಲ್ಲಿ ಕೆಲಸಕ್ಕೆ ಕೂತ. 1862ರಲ್ಲಿ ಲಂಡನ್ನಿಗೆ ಹೋಗಿ ಚಿತ್ರಕಾರ ಟರ್ನರನ ಚಿತ್ರಗಳ ಮುಂದೆ ನಿಂತು ನಕಲು ಮಾಡಿದ. ಕೊರೆಯುವವನ ಗೆರೆ, ಟರ್ನರನ ಬೆಳಕು, ಎರಡೂ ಕೂಡಿದ್ದು ಯೆಲ್ಲೋಸ್ಟೋನಿನಲ್ಲಿ. ಇನ್ನೂ ಕಾಣದ ಆ ಪ್ರದೇಶವನ್ನು ಬೇರೆಯವರ ಒರಟು ರೇಖಾಚಿತ್ರ ನೋಡಿ ಪತ್ರಿಕೆಗಾಗಿ ತಿದ್ದಿ ಬರೆದಿದ್ದವನು, 1871ರ ಬೇಸಿಗೆಯಲ್ಲಿ ಭೂವಿಜ್ಞಾನಿ ಹೇಡನ್ ನಡೆಸಿದ ಸರ್ಕಾರಿ ಸಮೀಕ್ಷೆಯ ಜೊತೆ ತಾನೇ ಹೊರಟ. ಅಲ್ಲಿಂದ ಬಂದು ಬರೆದ ಏಳಡಿ ಎತ್ತರ, ಹನ್ನೆರಡಡಿ ಅಗಲದ ಯೆಲ್ಲೋಸ್ಟೋನ್ ಮಹಾಕಮರಿಯ ತೈಲಚಿತ್ರ ಒಂದೇ ಜಾಗದಲ್ಲಿ ನಿಂತರೆ ಕಾಣುವ ನೋಟವಲ್ಲ. ಬೇರೆ ಬೇರೆ ಕಡೆಯಿಂದ ಕಂಡದ್ದನ್ನು ಅವನು ಒಟ್ಟಿಗೆ ತಂದಿದ್ದಾನೆ, ಕಲ್ಲಿನ ಪದರ ಮತ್ತು ಬಣ್ಣವನ್ನು ಮಾತ್ರ ಕೆಡಿಸಿಲ್ಲ. ಜೊತೆಗಿದ್ದ ಛಾಯಾಗ್ರಾಹಕ ಜಾಕ್ಸನ್ನನ ಕಪ್ಪುಬಿಳುಪು ಫೋಟೋಗಳು ಹೇಳಲಾರದ ಹಳದಿಯನ್ನು ಅದು ಹೇಳಿತು. (ಈ ಚಿತ್ರವೇ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ತಂದಿತು ಎಂಬ ಕತೆ ಮಾತ್ರ ತಪ್ಪು. ಉದ್ಯಾನದ ಮಸೂದೆಗೆ 1872ರ ಮಾರ್ಚ್ 1ರಂದು ಸಹಿ ಬಿದ್ದಾಗ ಕ್ಯಾನ್ವಾಸಿನ ಕೆಲಸ ಮುಗಿದಿರಲಿಲ್ಲ. ಆ ಹೊತ್ತಿಗೆ ನೆರವಾದದ್ದು ಅವನ ಪುಟ್ಟ ಜಲವರ್ಣಗಳು ಮತ್ತು ಆ ಫೋಟೋಗಳು. ಅಮೆರಿಕದ ಕಾಂಗ್ರೆಸ್ 10,000 ಡಾಲರ್ ಕೊಟ್ಟು ದೊಡ್ಡ ಚಿತ್ರವನ್ನು ಕೊಂಡದ್ದು ಆಮೇಲೆ.)

ಗ್ರೀನ್ ರಿವರ್ ಚಿತ್ರಗಳಿಗೆ, ಇದ್ದದ್ದನ್ನೇ ಜೋಡಿಸಿ ತೋರಿಸಿದ ಎಂಬ ಈ ಸಮರ್ಥನೆ ಒದಗುವುದಿಲ್ಲ. ಅಲ್ಲಿ ಅವನು ಕಣ್ಣೆದುರಿದ್ದ ಊರನ್ನೇ ತೆಗೆದ. ಇದಕ್ಕೆ ಅವನ ಬಾಲ್ಯದಲ್ಲಿ ಕಾರಣ ಹುಡುಕುವವರಿದ್ದಾರೆ: ಯಂತ್ರಮಗ್ಗ ಕೈಮಗ್ಗವನ್ನು ನುಂಗಿದ ಊರಿನಿಂದ ವಲಸೆ ಬಂದವನು, ಹೊಗೆ ಕಂಡರೆ ಕಣ್ಣು ತಿರುಗಿಸಿದ ಎಂದು. ಕೇಳಲು ಚೆಂದ, ಪುರಾವೆಗೆ ನಿಲ್ಲದು. 1880ರಲ್ಲಿ ನ್ಯೂಜೆರ್ಸಿಯ ಕಮ್ಯೂನಿಪಾದಿಂದ ಕಾಣುವ ಮ್ಯಾನ್‌ಹಟನ್ನನ್ನು ಬರೆದಾಗ ಇವನೇ ಕಾರ್ಖಾನೆಯ ಹೊಗೆಯನ್ನು ಮೋಡದಷ್ಟೇ ಮುತುವರ್ಜಿಯಿಂದ ಬರೆದಿದ್ದಾನೆ. ಹೊಗೆಯ ಚೆಲುವು ಅವನಿಗೆ ಗೊತ್ತಿತ್ತು. ಅದು ಅಮೆರಿಕದ ಪೂರ್ವಕ್ಕೆ ಸಲ್ಲುತ್ತದೆ, ಪಶ್ಚಿಮಕ್ಕೆ ಸಲ್ಲದು ಎಂಬ ಲೆಕ್ಕವೂ ಗೊತ್ತಿತ್ತು.

ಆ ಲೆಕ್ಕ ಮಾರುಕಟ್ಟೆಯದು. ಅವನ ಯೆಲ್ಲೋಸ್ಟೋನ್ ಪಯಣಕ್ಕೆ ಸಾಲ ಕೊಟ್ಟವರಲ್ಲಿ ನಾರ್ದರ್ನ್ ಪೆಸಿಫಿಕ್ ರೈಲ್ವೆಗೆ ಬಂಡವಾಳ ಕೂಡಿಸುತ್ತಿದ್ದ ಜೇ ಕುಕ್ ಇದ್ದ. 1892ರಲ್ಲಿ ಅವನನ್ನು ಗ್ರ್ಯಾಂಡ್ ಕ್ಯಾನ್ಯನ್ನಿಗೆ ಕರೆದೊಯ್ದದ್ದು ಸಾಂತಾ ಫೆ ರೈಲ್ವೆ. ಮುಟ್ಟದ ನಾಡನ್ನು ನೋಡಲು ಟಿಕೆಟ್ ಕೊಳ್ಳಿ ಎನ್ನುವ ಕಂಪನಿಗೆ ಚಿತ್ರದೊಳಗೆ ತನ್ನದೇ ಹಳಿ ಕಾಣುವುದು ಬೇಕಿರಲಿಲ್ಲ. ಆ ಕಾಲದ ನಿಸರ್ಗಚಿತ್ರಕಾರರೆಲ್ಲ ಹೀಗೇ ಮಾಡುತ್ತಿದ್ದರಲ್ಲ ಎನ್ನಬಹುದು. ಹಲವರು ಮಾಡುತ್ತಿದ್ದರು, ನಿಜ. ಆದರೆ ಅವರಲ್ಲಿ ಹೆಚ್ಚಿನವರು ಸರ್ಕಾರಿ ಸಮೀಕ್ಷೆಯ ಜೊತೆ ಹೋಗಿ, ಕಲ್ಲಿನ ವಿಷಯದಲ್ಲಿ ತಮ್ಮ ಮಾತನ್ನು ನಂಬಬಹುದು ಎಂದು ಸಾಧಿಸಿಕೊಂಡವರಲ್ಲ. ಬಂಡೆಯನ್ನು ಸರಿಯಾಗಿ ಬರೆದವನು ಎಂಬ ನಂಬಿಕೆಯಿಂದಲೇ ಜನ ಬಂಡೆಯ ಬುಡದ ಬಯಲನ್ನೂ ನಂಬಿದರು. ಕುದುರೆ ಸವಾರರನ್ನು ತೋರಿಸಿ ಊರನ್ನು ಅಳಿಸಿದ್ದರಿಂದ, ನೆಲ ಕಳೆದುಕೊಳ್ಳುತ್ತಿದ್ದವರು ಏನೂ ಆಗಿಲ್ಲವೆಂಬಂತೆ ಚಿತ್ರದಲ್ಲಿ ನಿಶ್ಚಿಂತೆಯಿಂದ ಸಾಗುತ್ತಾರೆ.

ಹಾಗಾಗಿ ಮೋರಾನನನ್ನು ಅಳೆಯುವುದಾದರೆ 1871ರಲ್ಲಿ ಸ್ಥಳದಲ್ಲೇ ಬರೆದ ಜಲವರ್ಣಗಳಿಂದ ಶುರುಮಾಡುವುದು ಮೇಲು. ಅಂಚಿನಲ್ಲಿ ಖಾಲಿ ಕಾಗದ ಹಾಗೇ ಉಳಿದಿರುತ್ತದೆ, ಬಣ್ಣ ಅವಸರದಲ್ಲಿ ಹರಿದಿರುತ್ತದೆ. ಕೊಳ್ಳುವವರು ಇನ್ನೂ ಕೋಣೆಯೊಳಗೆ ಬಂದಿರುವುದಿಲ್ಲ.