ವಿ-ಲುಕಪ್ಪಿನ ನಾಲ್ಕನೆಯ ಪದ

ದೊಡ್ಡ ಸ್ಪ್ರೆಡ್‌ಶೀಟು ಮಂದಗತಿಗಿಳಿದೊಡನೆ ರ‍್ಯಾಮ್ ಹೆಚ್ಚಿಸಿರೆಂಬ ಉಪದೇಶಕ್ಕೆ ನಮ್ಮ ಬೋವಿಕಾನದಂಥ ಪೇಟೆಗಳಲ್ಲಿಯೂ ದೊರೆತಿರುವ ಪ್ರತಿಷ್ಠೆಯು, ನನ್ನ ಮತದಲ್ಲಿ, ಅದರ ಅರ್ಹತೆಯನ್ನು ಬಹುದೂರ ಮೀರಿದುದು. ಟುಡೇ, ಆಫ್‌ಸೆಟ್, ಇಂಡೈರೆಕ್ಟ್ ಮೊದಲಾದ, ಎಲ್ಲಿ ಏನು ಬದಲಾದರೂ ತಾವೂ ಮರಳಿ ಲೆಕ್ಕಕ್ಕಿಳಿಯುವ ಸೂತ್ರಗಳ ದೋಷವು ವಾಚಕರಿಗೆ ವಿದಿತವೇ ಆಗಿರುವುದರಿಂದ ಅದನ್ನಿಲ್ಲಿ ಬೆಳೆಸುವುದಿಲ್ಲ. ಲೆಕ್ಕಾಚಾರವನ್ನು ಮ್ಯಾನುಯಲ್ಲಿಗೆ ತಿರುಗಿಸಿ ಬೇಕಾದಾಗ ಎಫ್9 ಒತ್ತುವ ಉಪಾಯವಂತೂ ವಿಳಂಬವನ್ನು ಮುಂದೂಡುವುದಲ್ಲದೆ ನೀಗಿಸದು. ಒತ್ತಲು ಮರೆತ ದಿನ ಹಳೆಯ ಮೊತ್ತವೇ ಅಚ್ಚಾಗಿ ಕೈಗೆ ಬರುವುದು.

ಉಪೇಕ್ಷಿತವಾಗಿರುವುದು ವಿ-ಲುಕಪ್ಪಿನ ನಾಲ್ಕನೆಯ ಪದ. ಅಡಿಕೆ ಖರೀದಿಯ ಒಂದು ಹಾಳೆಯನ್ನು ಭಾವಿಸಿಕೊಳ್ಳಿ: ರಶೀದಿ ಸಂಖ್ಯೆ, ಮನೆಹೆಸರು, ಹೊಸತೋ ಹಳತೋ, ಪಟೋರವೋ ಕರಿಗೋಟೋ, ತೂಕ, ದರ, ಮೊತ್ತ, ಹೀಗೆ ಹಲವು ವರ್ಷಗಳ 50,000 ಸಾಲುಗಳು. ಪಾವತಿಯ ಹಾಳೆಯ 20,000 ಸಾಲುಗಳು ರಶೀದಿ ಸಂಖ್ಯೆಯನ್ನು ಹಿಡಿದು ಇದರಲ್ಲಿ ಮೊತ್ತವನ್ನರಸುತ್ತವೆ. ನಾಲ್ಕನೆಯ ಪದವನ್ನು ಫಾಲ್ಸ್ ಎಂದು ಬರೆದರೆ ಯಂತ್ರವು ಮೊದಲ ಸಾಲಿನಿಂದ ಒಂದೊಂದಾಗಿ ನೋಡುತ್ತ ಬರಬೇಕಾಗಿ, ಸರಾಸರಿ 25,000 ಹೋಲಿಕೆಯಂತೆ ಒಟ್ಟು 50 ಕೋಟಿ ಹೋಲಿಕೆಗಳಾಗುತ್ತವೆ; ಇಲ್ಲದ ರಶೀದಿಗಾದರೋ ಪಟ್ಟಿಯ ಕೊನೆಯವರೆಗೂ ಅಲೆದಾಟವೇ. ಅದೇ ಪಟ್ಟಿಯನ್ನು ಏರುಕ್ರಮದಲ್ಲಿಟ್ಟು ಟ್ರೂ ಎಂದು ಬರೆದರೆ, ಪ್ರತಿ ಹೆಜ್ಜೆಗೂ ಉಳಿದುದರಲ್ಲಿ ಅರ್ಧವನ್ನು ಕೈಬಿಡುತ್ತ ಹೋಗುವುದರಿಂದ 16 ಹೆಜ್ಜೆಗಳೊಳಗೆ ಕೆಲಸ ಮುಗಿಯುತ್ತದೆ.

ಟ್ರೂ ಅಪಾಯಕರವೆಂಬ ಆಕ್ಷೇಪ ಸುಳ್ಳಲ್ಲ. 1043ನೆಯ ರಶೀದಿಯೇ ಇಲ್ಲದಿದ್ದರೆ ಅದು ಸುಮ್ಮನಿರದೆ 1042ರ ಮೊತ್ತವನ್ನು ನಿಸ್ಸಂಕೋಚವಾಗಿ ತಂದೊಪ್ಪಿಸುವುದು. ಆದರೆ ಮೊದಲೊಂದು ವಿ-ಲುಕಪ್ಪಿನಿಂದ ರಶೀದಿ ಸಂಖ್ಯೆಯನ್ನೇ ಹಿಂದಕ್ಕೆ ತರಿಸಿ, ಅದು ಕೇಳಿದ ಸಂಖ್ಯೆಯೇ ಆಗಿದ್ದರೆ ಮಾತ್ರ ಎರಡನೆಯದರಿಂದ ಮೊತ್ತವನ್ನು ತರಿಸುವಂತೆ ಇಫ್ ಕಟ್ಟಿದರೆ ಆ ಅಪಾಯ ತೀರಿತು. ಎರಡು ಸಲ ಹುಡುಕಿದರೂ ಒಟ್ಟು ಹೆಜ್ಜೆಗಳು 6.4 ಲಕ್ಷವನ್ನು ಮೀರವು. ಶ್ರಮವಿರುವುದು ಪಟ್ಟಿಯ ಶುದ್ಧಿಯಲ್ಲಿ. ಹಳೆಯ ಪುಸ್ತಕಗಳನ್ನು ಒಂದರ ಕೆಳಗೊಂದು ಅಂಟಿಸಿದ ಹಾಳೆಯಲ್ಲಿ ಕೆಲವು ಸಂಖ್ಯೆಗಳು ಪಠ್ಯರೂಪದಲ್ಲಿ, ಕೋಶದ ಎಡ ಅಂಚಿಗಂಟಿಕೊಂಡು ಕುಳಿತಿರುತ್ತವೆ; ವಿಂಗಡಿಸಿದಾಗ ಇವು ನಿಜವಾದ ಸಂಖ್ಯೆಗಳೆಲ್ಲ ಮುಗಿದ ಬಳಿಕ ಸಾಲುಗೊಳ್ಳುವುದರಿಂದ, ಹುಡುಕಾಟದ ದೃಷ್ಟಿಯಲ್ಲಿ ಆ ರಶೀದಿಗಳು ಇಲ್ಲವೇ ಇಲ್ಲ.

ಇಲ್ಲಿ ಇಂಡೆಕ್ಸ್-ಮ್ಯಾಚ್ ಪಕ್ಷಪಾತಿಗಳು ಎದ್ದು ನಿಲ್ಲುವರು. ವಿ-ಲುಕಪ್ಪನ್ನು ತೊರೆದು ತಮ್ಮ ಜೋಡಿಯನ್ನು ಅಂಗೀಕರಿಸಿದ ಮಾತ್ರಕ್ಕೆ ಹಾಳೆಗೆ ವೇಗ ಬಂದುಬಿಡುವುದೆಂಬ ಇವರ ಘೋಷಣೆಯನ್ನು ಕೇಳಿ ಕೇಳಿ ಬೇಸತ್ತಿದ್ದೇನೆ. ಮ್ಯಾಚ್‌ನ ಕೊನೆಯಲ್ಲಿ ಸೊನ್ನೆಯನ್ನಿಟ್ಟರೆ ಅದೂ ಮೊದಲ ಸಾಲಿನಿಂದಲೇ ಹೊರಡುವುದೆಂಬುದನ್ನು ಇವರಾರೂ ಬಾಯಿಬಿಟ್ಟು ಹೇಳರು. ಮ್ಯಾಚನ್ನು ಪ್ರತ್ಯೇಕ ಅಂಕಣದಲ್ಲಿ ಒಮ್ಮೆ ಮಾತ್ರ ಬರೆದು, ತೂಕ, ದರ, ಮೊತ್ತ ಮೂರಕ್ಕೂ ಇಂಡೆಕ್ಸ್ ಅದನ್ನೇ ಬಳಸಿದಾಗ ನಿಜವಾದ ಲಾಭವುಂಟು. ಆದರೆ ಸಾಮಾನ್ಯವಾಗಿ ಕಾಣುವುದು ಮೂರು ಅಂಕಣಗಳಲ್ಲೂ ಪುನರಾವರ್ತಿತವಾದ ಮೂರು ಮ್ಯಾಚ್‌ಗಳೇ. 2018ರ ಬಳಿಕದ ಆಫೀಸ್ 365ರಲ್ಲಿ ಒಂದೇ ಪಟ್ಟಿಯ ಹುಡುಕಾಟಗಳಿಗೆ ಒಳಗೊಳಗೇ ಸೂಚಿಯೊಂದನ್ನು ಕಟ್ಟಿಕೊಳ್ಳುವ ವ್ಯವಸ್ಥೆ ಬಂದು ಫಾಲ್ಸ್ ಕೂಡ ಚುರುಕಾಗಿದೆಯೆಂಬುದನ್ನು ಒಪ್ಪಬೇಕು. ಆದರೆ ಹಳ್ಳಿಯ ಕಚೇರಿಗಳ ಮೇಜಿನ ಮೇಲೆ ಇಂದಿಗೂ ದುಡಿಯುತ್ತಿರುವ 2007ರ, 2010ರ ಆವೃತ್ತಿಗಳಿಗೆ ಆ ಭಾಗ್ಯವಿಲ್ಲ.

ರ‍್ಯಾಮಿನವರಿಗೂ ಒಂದು ಮಾತು. ಕಡತವು ಸ್ಮೃತಿಯಲ್ಲಿ ಹಿಡಿಸದೆ ಡಿಸ್ಕಿಗೆ ಹೋಗಿ ಬರುತ್ತಿದ್ದರೆ ನಿಮ್ಮ ಔಷಧ ಸಲ್ಲುವುದು. ಆದರೆ ಗಣಕದಲ್ಲಿ 16 ಜಿಬಿ ಇದ್ದರೂ 2010ರ 32 ಬಿಟ್ ಎಕ್ಸೆಲ್ಲಿಗೆ ದಕ್ಕುವ ವಿಳಾಸಾವಕಾಶ 2 ಜಿಬಿ ಮಾತ್ರ. ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಿ. ಮೆಮೊರಿ ಅರ್ಧವೂ ತುಂಬಿರದೆ ಪ್ರೊಸೆಸರೊಂದೇ ಏದುಸಿರು ಬಿಡುತ್ತಿದ್ದರೆ, ಕೊಳ್ಳುವ ಮೊದಲು ರಶೀದಿಯ ಅಂಕಣವನ್ನು ಏರುಕ್ರಮಕ್ಕೆ ತಂದು, ಫಾಲ್ಸನ್ನು ಮೇಲೆ ಹೇಳಿದಂತೆ ಟ್ರೂ ಮಾಡಿ, ಇನ್ನೊಮ್ಮೆ ಎಫ್9 ಒತ್ತಿರಿ.